ಮಶೀನಿನ ಕೊಸರು

ಮಶೀನು ಬಂದಾಗ ನನಗೆ ಅರವತ್ತೇಳು. ಆ ಮಾತಿಗೆ ಈಗ ನಾಲ್ಕು ವರ್ಷ. ವಯಸ್ಸನ್ನು ಆಧಾರ ಕಾರ್ಡಿನಲ್ಲಿ ಇದ್ದಂತೆ ಹೇಳುತ್ತಿದ್ದೇನೆ. ನನ್ನ ಅವ್ವನ ಲೆಕ್ಕ ಬೇರೆ ಇತ್ತು, ಕೇಳೋಣವೆಂದರೆ ಅವಳಿಲ್ಲ.

ಮೊನ್ನೆ ರೇಷನ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಬೆರಳು ಇಡುವ ಒಂದು ಸಣ್ಣ ಪೆಟ್ಟಿಗೆ ಇದೆ. ಬೆರಳಿಟ್ಟರೆ ಅದು ನಮ್ಮನ್ನು ಗುರುತು ಹಿಡಿಯಬೇಕು, ಆಮೇಲೆ ಅಕ್ಕಿ ಗೋಧಿ. ನಾನು ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ ಹತ್ತಿತು. ತೊಳೆದು ಇಟ್ಟೆ, ಕೆಂಪು. ಸೆರಗಿಗೆ ಒರೆಸಿ ಇಟ್ಟೆ, ಆಗಲೂ ಕೆಂಪು. ಅಂಗಡಿಯವನು ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಗೆರೆಯೇ ಉಳಿದಿಲ್ಲ ಅಂದ. ಐವತ್ತು ವರ್ಷ ರೊಟ್ಟಿ ಬಡಿದ ಕೈಯಲ್ಲಿ ಗೆರೆ ಎಲ್ಲಿಂದ ಉಳಿಯಬೇಕು? ಸಹಿ ಮಾಡುತ್ತೇನೆ ಕೊಡು ಅಂದೆ. ಇಲ್ಲಿ ಸಹಿ ನಡೆಯುವುದಿಲ್ಲ, ಹೆಬ್ಬೆಟ್ಟೇ ಬೇಕು ಅಂದು, ಒಳಗಿನಿಂದ ಶಾಯಿಯ ಡಬ್ಬಿ ತಂದು ಮುಚ್ಚಳ ತೆಗೆದ. ಆ ನೀಲಿ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಶೀನು ಬಂದ ವರ್ಷದ ಚಳಿಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ನಾನು ಕಾಶವ್ವ. ಹುಟ್ಟಿದ್ದು ಕರಜಗಿ, ಕೊಟ್ಟದ್ದು ಗಡಿಯಾಚೆ ಮರಾಠಿ ಸೀಮೆಯ ಜತ್ತಕ್ಕೆ. ಗಂಡ ತೀರಿದ್ದಾನೆ. ಮಗ ಸೊಸೆ ಇದ್ದಾರೆ, ಚಲೋ ಇದ್ದಾರೆ, ಅವರ ಮಾತು ಇಲ್ಲಿ ಬೇಡ. ನನ್ನ ಕೆಲಸ ಖಡಕ್ ರೊಟ್ಟಿ ಮಾಡುವುದು. ಬಿಳಿಜೋಳದ ಹಿಟ್ಟು ನಾದಿ, ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬಾಜು ನಿಲ್ಲಿಸಿ ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ. ಬಾಜು ಮನೆಯ ಹುಸೇನಬಿ ಶೇಂಗಾ ಹಿಂಡಿ ಕುಟ್ಟುತ್ತಾಳೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ ಹಾಕಿ ಒರಳಲ್ಲಿ ಕುಟ್ಟಿದ ಪುಡಿಗೆ ನಾವು ಹಿಂಡಿ ಅನ್ನುತ್ತೇವೆ. ರೊಟ್ಟಿ ನನ್ನದು, ಹಿಂಡಿ ಅವಳದು, ಬುಟ್ಟಿ ಇಬ್ಬರದು. ಮಾರುವ ಬಾಯಿ ನನ್ನದು. ಹುಸೇನಬಿ ಮನೆಯಲ್ಲಿ ಬೇಕಾದಷ್ಟು ಮಾತಾಡುತ್ತಾಳೆ, ಗಿರಾಕಿ ಬಂದರೆ ಸುಮ್ಮನಾಗುತ್ತಾಳೆ.

ನಮ್ಮ ಓಣಿಯ ತುದಿಗೆ ಒಂದು ಅಭ್ಯಾಸಿಕೆ ಇದೆ. ಅಭ್ಯಾಸಿಕೆ ಅಂದರೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಕೂತು ಓದುವ ಕೋಣೆ. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಪೊಲೀಸ್ ನೇಮಕದ ಭರತಿಗೆ, ಊರ ಲೆಕ್ಕ ಬರೆಯುವ ತಲಾಠಿಯ ಪರೀಕ್ಷೆಗೆ ಅಲ್ಲಿ ಓದುತ್ತಾರೆ. ಬೆಳಿಗ್ಗೆ ಬಯಲಲ್ಲಿ ಓಡುತ್ತಾರೆ, ಆಮೇಲೆ ಇಡೀ ದಿನ ಕೂರುತ್ತಾರೆ. ಓಡಿದ ಹೊಟ್ಟೆಗೂ ಓದಿದ ಹೊಟ್ಟೆಗೂ ರೊಟ್ಟಿಯೇ ಬೇಕು. ಎರಡು ವರ್ಷ ನಾನು ಅದರ ಗೇಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತೆ. ಐದು ರೊಟ್ಟಿ ಕಟ್ಟಿ ಕೊಟ್ಟ ಮೇಲೆ, ಚಾಚಿದ ಅಂಗೈ ಮೇಲೆ ಒಂದು ಚಿಟಿಕೆ ಹಿಂಡಿ ಕೊಸರು, ಅಂದರೆ ಲೆಕ್ಕದ ಮೇಲೆ ಹೆಚ್ಚಿಗೆ, ಹಾಕುತ್ತಿದ್ದೆ. ಅದನ್ನು ನೆಕ್ಕುತ್ತ ಮೆಟ್ಟಿಲು ಹತ್ತುತ್ತಿದ್ದರು.

ಅವರಲ್ಲಿ ರೇಣುಕಾ ಎನ್ನುವ ಹುಡುಗಿ ಒಬ್ಬಳಿದ್ದಳು. ಗುಡ್ಡಾಪುರದ ಕಡೆಯವಳು, ಉದ್ದ ಕಾಲು, ಪೊಲೀಸಾಗುವ ಹಟ. ಪುಸ್ತಕದಲ್ಲಿ ಬೆರಳಿನ ಗುರುತಿನ ಪಾಠ ಬಂದ ದಿನ ಕಂಡವರ ಬೆರಳನ್ನೆಲ್ಲ ಹಿಡಿದು ನೋಡುತ್ತಿದ್ದಳು. ನನ್ನದನ್ನೂ ಹಿಡಿದಳು. ತಿರುವಿ ಮುರುವಿ ನೋಡಿ, "ಆಯಿ, ನೀವು ಕಳವ ಮಾಡಿದ್ರ ನಿಮ್ಮನ್ನ ಯಾರೂ ಹಿಡಿಯಾಂಗಿಲ್ಲ ಬಿಡ್ರಿ. ಬೆರಳಿನಾಗ ಗೆರಿನ ಇಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅವಳಿಗೆ ಎರಡು ಚಿಟಿಕೆ ಹಾಕಿದೆ.

ತೊಂದರೆ ಬಂದದ್ದು ನನ್ನ ಧ್ವನಿಯಿಂದ. ನನಗೆ ಎಡಗಿವಿ ಕೇಳುವುದಿಲ್ಲ, ಹೀಗಾಗಿ ಮಾತು ದೊಡ್ಡದು. ಅಭ್ಯಾಸಿಕೆಯ ಮಾಲಕ ಸರ ಒಳ್ಳೆಯ ಮನುಷ್ಯ, ಒಂದು ದಿನ ಮೆಟ್ಟಿಲಿಳಿದು ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. "ಆಯಿ, ನಿಮ್ಮ ರೊಟ್ಟಿ ನಮಗ ಬೇಕ್ರಿ. ನಿಮ್ಮ ಧ್ವನಿ ಬ್ಯಾಡ್ರಿ. ಮ್ಯಾಲ ಕುಂತವರು ಕಾಯ್ದೆ ಓದೂದ ಬಿಟ್ಟು 'ಖಡಕ್ ರೊಟ್ಟಿ, ಖಡಕ್ ರೊಟ್ಟಿ' ಅಂತ ಬಾಯಿಪಾಠ ಮಾಡಾಕತ್ತಾರ" ಅಂದ. ನಾನು ಸುಮ್ಮನೆ ಕೂತು ಮಾರುತ್ತೇನೆ ಅಂದೆ. ಒಂದು ದಿನ ಹಾಗೂ ನೋಡಿದೆ. ಮಧ್ಯಾಹ್ನದ ತನಕ ನಡೆಯಿತು. ಆಮೇಲೆ ಒಂದು ಆಡು ಬುಟ್ಟಿಗೆ ಬಾಯಿ ಹಾಕಿತು. ನಾನು ಅದಕ್ಕೆ ಏನು ಅಂದೆನೋ ಅದು ಮೂರನೆಯ ಮಜಲೆಯ ತನಕ ಕೇಳಿತಂತೆ.

ಬಜಾರಕ್ಕೆ ಬುಟ್ಟಿ ಹೊತ್ತು ಹೋಗಲು ಮೊಣಕಾಲು ಬರುವುದಿಲ್ಲ. ಗೇಟು ತಪ್ಪಿದರೆ ಮನೆಯಲ್ಲಿ ಕೂತು ಸೊಸೆ ಕೊಟ್ಟ ಚಹಾ ಕುಡಿಯುವುದೊಂದೇ ನನ್ನ ಕೆಲಸ. ಚಹಾ ಚಲೋ ಮಾಡುತ್ತಾಳೆ. ಆದರೆ ದಿನಕ್ಕೆ ಎಷ್ಟು ಚಹಾ ಕುಡಿಯಬೇಕು? ಹುಸೇನಬಿಗೆ ಇನ್ನೂ ಕಷ್ಟ, ಅವಳ ಹಿಂಡಿ ನನ್ನ ಬಾಯಿ ಇಲ್ಲದೆ ಮಾರಾಟವಾಗುವುದಿಲ್ಲ.

ಮಶೀನಿನ ಮಾತು ತೆಗೆದವನು ಸರ. ಮಿರಜದ ಕಡೆ ಅವನ ಪರಿಚಯದ ಹುಡುಗ ಒಬ್ಬ ಹಳೆಯ ಮಶೀನುಗಳನ್ನು ಕೊಂಡು, ದುರಸ್ತಿ ಮಾಡಿ, ಅಲ್ಲಲ್ಲಿ ನಿಲ್ಲಿಸುತ್ತಾನೆ, ಗುಂಡಿ ಒತ್ತಿದರೆ ಸಾಮಾನು ಬೀಳುತ್ತದೆ ಅಂದ. ನಾನು ಕೇಳಿದ್ದು ಒಂದೇ: ಬಾಯಿ ಇಲ್ಲದ್ದು ಹ್ಯಾಗೆ ಮಾರುತ್ತದೆ? ಅದನ್ನು ನೋಡಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ ವ್ಯಾಪಾರಕ್ಕಿಂತ ಅದೇ ಹೆಚ್ಚು ಅನ್ನಿಸಿತು.

ದೀಪಾವಳಿ ಮುಗಿದ ವಾರಕ್ಕೆ ಟೆಂಪೊದಲ್ಲಿ ಬಂತು. ನಾಲ್ಕು ಜನ ಹಿಡಿದು ಇಳಿಸಿದರು. ತಿಜೋರಿಯಷ್ಟು ಎತ್ತರ, ಮುಂದೆ ಗಾಜು. ಯಾವುದೋ ಕಾರಖಾನೆಯ ಬಾಗಿಲಲ್ಲಿ ಚಿಪ್ಸ್ ಮಾರಿ ಹಳೆಯದಾದದ್ದು. ಅದರ ಹಿಂದೆ ಬಂದವನು ಸಂದೀಪ, ಮೂವತ್ತರ ಹುಡುಗ, ಮರಾಠಿಯವನು, ಕನ್ನಡ ತಡವರಿಸುತ್ತ ಆಡುತ್ತಿದ್ದ. ನನ್ನನ್ನು ಆಜಿ ಅನ್ನುತ್ತಿದ್ದ. ಅವನು ಕೀಲಿ ತಿರುವಿ ಗಾಜಿನ ಬಾಗಿಲು ತೆರೆದ. ಒಳಗೆ ಸಾಲಾಗಿ ಸುರುಳಿ ತಂತಿಗಳು, ಚಕ್ಕಲಿ ಒತ್ತಿ ಉದ್ದಕ್ಕೆ ಎಳೆದ ಹಾಗೆ. ಸುರುಳಿಯ ಒಂದೊಂದು ಸಂದಿಗೆ ಒಂದೊಂದು ಪಾಕೀಟು ನಿಲ್ಲಿಸಬೇಕು. ಗುಂಡಿ ಒತ್ತಿದರೆ ತಂತಿ ಒಂದು ಸುತ್ತು ತಿರುಗುತ್ತದೆ, ಮುಂದಿನ ಪಾಕೀಟು ಕೆಳಗೆ ಬೀಳುತ್ತದೆ. ಕೆಳಗಿನ ಮುಚ್ಚಳ ತಳ್ಳಿ ತೆಗೆದುಕೊಳ್ಳಬೇಕು. ನಾನು ಕೈ ಹಾಕಿ ತಂತಿ ತಿರುಗಿಸಿ ನೋಡಿದೆ, ಹಿಂದಿನ ಸಣ್ಣ ಮೋಟಾರು ಮುಟ್ಟಿ ನೋಡಿದೆ, ಖಾಲಿ ಇದ್ದಾಗ ಎಲ್ಲ ಗುಂಡಿ ಒತ್ತಿಸಿದೆ. ಸಂದೀಪ ಬೇಸತ್ತು ಎರಡು ಸಲ ಗಡಿಯಾರ ನೋಡಿದ. ಅದು ಫೋನಿನ ಹಣವನ್ನೂ ಹತ್ತರ ನಾಣ್ಯವನ್ನೂ ತೆಗೆದುಕೊಳ್ಳುತ್ತಿತ್ತು. ಹತ್ತರ ನಾಣ್ಯ ಕೊಟ್ಟರೆ ಆಗ ನಮ್ಮ ಅಂಗಡಿಯವರು ಮುಖ ತಿರುಗಿಸುತ್ತಿದ್ದರು. ಮನೆಮನೆಯ ಡಬ್ಬಿಯಲ್ಲಿ ಕೊಳೆಯುತ್ತಿದ್ದ ನಾಣ್ಯಕ್ಕೆ ಒಂದು ಬಾಯಿ ಸಿಕ್ಕಿತು.

ಕರಾರು ಸುಲಭ ಇತ್ತು. ಸಂಕ್ರಾಂತಿಯ ತನಕ ಮಶೀನು ಇಲ್ಲಿ ಇರುತ್ತದೆ. ಮಾರಿದ್ದರಲ್ಲಿ ಅವನದೊಂದು ಪಾಲು. ಮಾರಾಟ ಆಗದಿದ್ದರೆ, ಇಲ್ಲ ಸರ ತಕರಾರು ಹೇಳಿದರೆ, ಎತ್ತಿಕೊಂಡು ಹೋಗುತ್ತಾನೆ. ಮಶೀನು ಹೋದರೆ ನನ್ನ ಗೇಟೂ ಹೋದಂತೆ.

ಮೊದಲ ಅಡ್ಡಿ ರೊಟ್ಟಿಯದೇ. ನನ್ನ ರೊಟ್ಟಿ ಊಟದ ತಾಟಿನಷ್ಟು ಅಗಲ, ಸುರುಳಿಯ ಸಂದಿ ಅಂಗೈಯಷ್ಟು. ಹಾಗಾದರೆ ಅಂಗೈಯಷ್ಟು ರೊಟ್ಟಿ ಬಡಿಯಬೇಕು. ಸಣ್ಣ ಹುಡುಗಿಯರು ಆಟಕ್ಕೆ ಅಂತ ಬಡಿಯುತ್ತಾರಲ್ಲ, ಅಷ್ಟು. ಕೈಗೆ ಒಂದೇ ಅಳತೆ ಗೊತ್ತು. ಎಷ್ಟು ಸಣ್ಣ ಉಂಡೆ ತೆಗೆದುಕೊಂಡರೂ ಬಡಿಯುತ್ತ ಬಡಿಯುತ್ತ ಕೈ ತನ್ನಷ್ಟಕ್ಕೆ ತಾನೇ ಅಗಲ ಮಾಡಿಬಿಡುತ್ತಿತ್ತು. ನಾಲ್ಕು ದಿನ ಹಿಡಿಯಿತು. ಹೊಸ ಸೊಸೆಗೆ ಬೈದಂತೆ ನನ್ನ ಕೈಗೆ ನಾನೇ ಬೈದೆ.

ಎರಡನೆಯದು ಬೀಳುವುದು. ಖಡಕ್ ರೊಟ್ಟಿ ಎದೆಯ ಎತ್ತರದಿಂದ ಬಿದ್ದರೆ ಏನಾಗುತ್ತದೆ ಅಂತ ಯಾರೂ ಹೇಳಬೇಕಿಲ್ಲ. ಆದರೂ ನಾನು ನೋಡಿದೆ. ಅಂಗಳದಲ್ಲಿ ನಿಂತು ಬಂಡೆಯ ಮೇಲೆ ಒಂದು ಪಾಕೀಟು ಬಿಟ್ಟೆ, ಪುಡಿಯಾಯಿತು. ಚೀಲದ ಮೇಲೆ ಬಿಟ್ಟೆ, ಎರಡು ಹೋಳು. ಕೌದಿಯ ಮೇಲೆ ಬಿಟ್ಟೆ, ಹಾಗೇ ಉಳಿಯಿತು. ಆದರೆ ಕೌದಿ ಮಶೀನಿನಲ್ಲಿ ಹಿಡಿಯುವುದಿಲ್ಲ. ಹುಸೇನಬಿ ಗೋಡೆಗೆ ಒರಗಿ ನೋಡುತ್ತಿದ್ದಳು. "ಅಕ್ಕಾ, ಮಂದಿ ರೊಟ್ಟಿ ತಿಂತಾರ, ನೀ ಒಗಿಯಾಕತ್ತಿ. ಇನ್ನ ಅಟ್ಟ ಹತ್ತಿ ಒಗದ ನೋಡು" ಅಂದಳು. ನನ್ನ ಕಣ್ಣು ಅವಳ ಕೊಡದ ಕೆಳಗಿದ್ದ ಸಿಂಬಿಯ ಮೇಲಿತ್ತು. ಕೊಡ ಹೊರುವಾಗ ತಲೆಗೂ ಕೊಡಕ್ಕೂ ನಡುವೆ ಇಡುತ್ತೇವಲ್ಲ, ಹಳೆ ಸೀರೆ ಸುತ್ತಿದ ಬಳೆ, ಅದು. ಅದನ್ನು ಇಟ್ಟು ಅದರ ಮೇಲೆ ಪಾಕೀಟು ಬಿಟ್ಟೆ. ಓರೆಯಾಗಿ ಬಿತ್ತು, ಅಂಚು ಹಿಡಿಯಿತು, ನಡುವಿನ ತೂತಿಗೆ ಮೆಲ್ಲಗೆ ಕೂತಿತು. ಅದೃಷ್ಟ ಇರಬಹುದು ಅಂತ ಹತ್ತು ಸಲ ಬಿಟ್ಟು ನೋಡಿದೆ. ಒಂಬತ್ತು ಸಲ ರೊಟ್ಟಿ ಉಳಿಯಿತು. ಸಿಂಬಿ ಮಶೀನಿನ ಹೊಟ್ಟೆಗೆ ಹೋಯಿತು. ಸಂದೀಪ ಮುಂದಿನ ಸಲ ಬಂದಾಗ ಅದರ ಫೋಟೊ ಹೊಡೆದುಕೊಂಡ.

ಮೇಲಿನ ಎರಡು ಸಾಲು ರೊಟ್ಟಿ, ಕೆಳಗಿನ ಸಾಲು ಹುಸೇನಬಿಯ ಹಿಂಡಿಯ ಪಾಕೀಟು. ಗೇಟಿನ ಒಳಬದಿಗೆ, ಸರ ಹಾಕಿಸಿದ ಕ್ಯಾಮರಾದ ಕೆಳಗೆ ಮಶೀನು ನಿಂತಿತು. ರಾತ್ರಿ ಯಾರಾದರೂ ಒಡೆದಾರು ಅಂತ ಸರ ಅಲ್ಲೇ ನಿಲ್ಲಿಸಿದ್ದ. ನಾನು ರಸ್ತೆಯ ಆಚೆ, ಮುಚ್ಚಿದ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದೆ. ಕೂರಬಹುದು, ಬಾಯಿ ತೆಗೆಯಬಾರದು. ಇದು ಸರ ಹೇಳಿದ ಮಾತು.

ಮೊದಲ ವಾರ ಎಲ್ಲರೂ ಒಂದೊಂದು ಸಲ ಕೊಂಡರು. ಎರಡನೆಯ ವಾರ ಅರ್ಧಕ್ಕೆ ಬಂತು, ಮೂರನೆಯ ವಾರ ಅದಕ್ಕೂ ಕಡಿಮೆ. ರೊಟ್ಟಿ ಅದೇ, ಕೈ ಅದೇ. ಯಾಕೆ ಕೊಳ್ಳುವುದಿಲ್ಲ? ನಾನು ಕಲ್ಲಿನ ಮೇಲೆ ಕೂತು ನೋಡುತ್ತಲೇ ಹೋದೆ. ಚಳಿ ಬಿದ್ದಿತ್ತು, ಗಾಳಿ ಬಿಟ್ಟಿತ್ತು, ಊರ ಹೊರಗೆ ಜೋಳ ತೆನೆ ಹಿಡಿಯುತ್ತಿತ್ತು. ನಾನು ಎಲ್ಲಿಗೂ ಹೋಗಲಿಲ್ಲ. ಮಶೀನಿನ ಮುಂದೆ ಮನುಷ್ಯರು ಏನೇನು ಮಾಡುತ್ತಾರೆ ಅನ್ನುವುದು ನೋಡುವ ಹಾಗಿರುತ್ತದೆ. ಒಬ್ಬ ಗಾಜಿನಲ್ಲಿ ತಲೆ ಬಾಚಿಕೊಂಡ. ಒಬ್ಬ ಮುದುಕ ಗಾಜಿಗೆ ಹಣೆ ಹಚ್ಚಿ ಒಳಗೆ ಯಾರಾದರೂ ಕೂತಿದ್ದಾರೇನು ಅಂತ ಹುಡುಕಿದ. ಒಬ್ಬಳು ಪಾಕೀಟು ಬಿದ್ದ ಮೇಲೆ ಬರ್ತೀನ್ರಿ ಅಂದು ಹೋದಳು, ಯಾರಿಗೆ ಅಂದಳೋ. ಆದರೆ ಒಂದು ಮಾತು ಎಲ್ಲರಲ್ಲೂ ಇತ್ತು. ಬಗ್ಗಿ ಪಾಕೀಟು ತೆಗೆದುಕೊಂಡ ಮೇಲೆ ಯಾರೂ ಕೂಡಲೇ ಏಳುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ಬಗ್ಗಿ ನಿಲ್ಲುತ್ತಿದ್ದರು. ಕೆಲವರು ಇನ್ನೊಮ್ಮೆ ಮುಚ್ಚಳ ತಳ್ಳಿ ಕೈಯಾಡಿಸುತ್ತಿದ್ದರು. ಆಮೇಲೆ ಎದ್ದು, ಏನೋ ಮರೆತವರ ಹಾಗೆ ಹೋಗುತ್ತಿದ್ದರು.

ಮೂರು ದಿನ ನೋಡಿದೆ, ಅರ್ಥವಾಗಲಿಲ್ಲ. ಕೊನೆಗೆ ಹುಸೇನಬಿಯ ಕೈಯಲ್ಲಿ ನಾಣ್ಯ ಕೊಟ್ಟು ಹೋಗಿ ಕೊಂಡು ಬಾ ಅಂದೆ. ಅವಳೂ ಹೋದಳು, ಗುಂಡಿ ಒತ್ತಿದಳು, ಬಗ್ಗಿ ತೆಗೆದುಕೊಂಡಳು, ಬಗ್ಗಿಯೇ ನಿಂತಳು. ಎಡಗೈಯಲ್ಲಿ ಪಾಕೀಟು, ಬಲಗೈ ಅಂಗೈ ಮೇಲಾಗಿ ಚಾಚಿತ್ತು. ರಸ್ತೆ ದಾಟಿ ಬಂದು ಪಾಕೀಟು ನನ್ನ ಮಡಿಲಿಗೆ ಒಗೆದಳು. "ನಿನ್ನ ಮಶೀನಾ ಭಾಳ ಜಿಪುಣ ಐತಿ ಅಕ್ಕಾ" ಅಂದಳು.

ಆಗ ತಿಳಿಯಿತು. ಅವರೆಲ್ಲ ಕೊಸರಿಗೆ ಕಾಯುತ್ತಿದ್ದರು. ತಾವು ಕಾಯುತ್ತಿದ್ದೇವೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

ಇದು ದೊಡ್ಡ ಕೆಲಸವೇನಲ್ಲ ಅಂದುಕೊಂಡೆ. ಹಳೆಯ ವಹಿಯ ಹಾಳೆ ಹರಿದು, ಚಿಟಿಕೆ ಹಿಂಡಿ ಹಾಕಿ, ಸಣ್ಣ ಪುಡಿಕೆ ಕಟ್ಟಿದೆ. ಸುರುಳಿಯ ಸಂದಿಯಲ್ಲಿ ರೊಟ್ಟಿಯ ಪಾಕೀಟಿನ ಹಿಂದೆ ಅದನ್ನು ಸಿಕ್ಕಿಸಿದೆ. ತಂತಿ ತಿರುಗಿದರೆ ಮೊದಲು ರೊಟ್ಟಿ ಬೀಳಬೇಕು, ಒಂದು ಉಸಿರು ಬಿಟ್ಟು ಪುಡಿಕೆ ಬೀಳಬೇಕು. ನನ್ನ ಕೈ ಮಾಡುತ್ತಿದ್ದುದೂ ಹಾಗೆಯೇ. ಖಾಲಿ ಗೇಟಿನಲ್ಲಿ ಒತ್ತಿ ನೋಡಿದೆ. ಧಪ್ ಅಂತ ರೊಟ್ಟಿ, ಆಮೇಲೆ ಟಪ್ ಅಂತ ಪುಡಿಕೆ. ಎಷ್ಟು ಚಂದ ಕೇಳಿಸಿತು ಅಂದರೆ ಇನ್ನೊಮ್ಮೆ ಒತ್ತಿದೆ.

ಮರುದಿನ ಕಲ್ಲಿನ ಮೇಲೆ ಕೂತೆ. ಮೊದಲು ಬಂದ ಹುಡುಗ ರೊಟ್ಟಿ ತೆಗೆದುಕೊಂಡ. ಪುಡಿಕೆ ಬಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದ. ಹಿಂದೆ ನೋಡಿದ, ಮುಂದೆ ನೋಡಿದ, ತಲೆ ಎತ್ತಿ ಕ್ಯಾಮರಾ ನೋಡಿದ. ಆಮೇಲೆ ಪುಡಿಕೆಯನ್ನು ಮಶೀನಿನ ತಲೆಯ ಮೇಲೆ ಇಟ್ಟು ಹೊರಟುಹೋದ. ಎರಡನೆಯವಳೂ ಹಾಗೇ ಮಾಡಿದಳು. ಸಂಜೆಗೆ ಮಶೀನಿನ ತಲೆಯ ಮೇಲೆ ಪುಡಿಕೆಗಳ ಸಾಲು, ಕಟ್ಟೆಯ ಮೇಲೆ ಗುಬ್ಬಿ ಕೂತ ಹಾಗೆ. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಅದು ನಿಂದೇ, ತಗೋ ಅಂತ ಕೂಗಿದರೆ ತೀರುತ್ತಿತ್ತು. ಆದರೆ ಕೂಗಬಾರದು ಅಂತಲೇ ಮಶೀನು ಬಂದಿತ್ತು. ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಇಬ್ಬರು ಮೂವರನ್ನು ಕರೆದು ಮೆಲ್ಲಗೆ ಹೇಳಿದ್ದೂ ಉಂಟು. ಅವರು ಹೂಂ ಅಂದರು, ಮರುದಿನ ಅವರೂ ತಲೆಯ ಮೇಲೆ ಇಟ್ಟೇ ಹೋದರು. ಮಾರಾಟ ಇನ್ನೂ ಇಳಿಯಿತು. ಆ ಮಶೀನಿನ ಹತ್ತಿರ ಹೋದರೆ ಏನೋ ಒಂದು ತಮ್ಮ ಮೇಲೆ ಬಂದೀತು ಅನ್ನುವ ಹಾಗೆ ದೂರದಿಂದಲೇ ದಾಟತೊಡಗಿದರು.

ಎಳ್ಳಮಾಸಿ ಹಬ್ಬ ಮುಗಿದು ಎರಡು ದಿನಕ್ಕೆ, ಮಧ್ಯಾಹ್ನದ ಊಟ ತೀರಿದ ಮೇಲೆ ಸರ ನನ್ನನ್ನು ಕರೆಸಿದ. ಸಂದೀಪ ಆಗಲೇ ಬಂದಿದ್ದ, ಬಾಗಿಲು ಬಿಚ್ಚಿ ಮಶೀನಿನ ಹೊಟ್ಟೆಯೊಳಗೆ ತಲೆ ಹಾಕಿದ್ದ. ಸರನ ಕೈಯಲ್ಲಿ ಒಂದು ಹಾಳೆ. ರೇಣುಕಾ ಬರೆದು ಕೊಟ್ಟದ್ದು. ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ ಹೆಚ್ಚಿಗೆ ಪುಡಿಕೆ ಬಿತ್ತು, ಅದನ್ನು ಎಲ್ಲಿ ಇಡಲಾಯಿತು ಅಂತ ಹನ್ನೊಂದು ಸಾಲು. ಕೆಳಗೆ ಇಬ್ಬರ ಸಾಕ್ಷಿ ಸಹಿ. ಪಂಚನಾಮೆ ಬರೆಯುವುದನ್ನು ಆ ವಾರವೇ ಕಲಿತಿದ್ದರಂತೆ. ಮಶೀನು ಕೆಟ್ಟಿದೆ, ಒಂದಕ್ಕೆ ಎರಡು ಕೊಡುತ್ತಿದೆ, ನಾಳೆ ಲೆಕ್ಕ ಕೂಡದಿದ್ದರೆ ನಮ್ಮ ಹೆಸರು ಬರಬಾರದು, ಇದು ಅವರ ತಕರಾರು.

ಸಂದೀಪ ತಲೆ ಹೊರಗೆ ತೆಗೆದ. ಮೂಗಿನ ಮೇಲೆ ಹಿಂಡಿ ಹತ್ತಿತ್ತು. "ಆಜಿ, ಮಶೀನ್ ಖರಾಬ್ ನಾಹಿ. ಮಶೀನ್ ಚಲೋ ಐತಿ. ನೀವು ಖರಾಬ್ ಮಾಡೀರಿ" ಅಂದ.

ಕೊಸರು ಅಂತ ಹೇಳಿದೆ. ಅವನಿಗೆ ಗೊತ್ತಿತ್ತು, ಅವನ ತಾಯಿ ಬಜಾರದಲ್ಲಿ ಕೊತಂಬರಿ ಕಡ್ಡಿ ಹೆಚ್ಚಿಗೆ ಕೇಳದೆ ಏಳುವವಳಲ್ಲವಂತೆ. ಆದರೆ ಮಶೀನಿಗೆ ಅದು ನಡೆಯುವುದಿಲ್ಲ ಅಂದ. ಅವನ ಮಶೀನುಗಳು ಏಳೆಂಟು ಊರಲ್ಲಿ ನಿಂತಿವೆ, ಒಂದಕ್ಕೆ ಎರಡು ಬೀಳಿಸುತ್ತವೆ ಅಂತ ಹೆಸರು ಬಂದರೆ ಅವನನ್ನು ಯಾರೂ ಒಳಗೆ ಬಿಡುವುದಿಲ್ಲ.

ರೇಣುಕಾ ಮೆಟ್ಟಿಲ ಮೇಲೆ ನಿಂತಿದ್ದಳು. ಹೆದರಿದ್ದಳು ಅಂತ ಕಾಣುತ್ತದೆ, ನನ್ನ ಕೆಲಸ ಅಂತ ಗೊತ್ತಿದ್ದರೆ ಬರೆಯುತ್ತಿರಲಿಲ್ಲ. ನಾನು ಕೇಳಿದೆ, ಮೆಲ್ಲಗೇ ಕೇಳಿದೆ, ಆದರೂ ಮೇಲಿನ ಕಿಟಕಿಗಳಲ್ಲಿ ತಲೆಗಳು ಕಂಡವು. "ಗೇಟಿನ್ಯಾಗ ನಾ ಹಾಕಿದ್ದ ನೆಕ್ಕೋತ ಹೋಗತಿದ್ದಿ. ಈಗ ಯಾಕ ಒಲ್ಲಿ?"

"ಆಯಿ, ನಾವು ಪೊಲೀಸ್ ಆಗಾಕ ಓದಾಕತ್ತೀವಿ" ಅಂದಳು. "ಮ್ಯಾಲ ಕ್ಯಾಮರಾ ಐತಿ. ಮತ್ತೊಬ್ಬರ ಸಾಮಾನ ತಗೊಂಡೀವಂತ ಒಂದ ಕೇಸ ಬಿದ್ರ ಭರತಿನ ಹೋತು."

"ಮತ್ತೊಬ್ಬರದಲ್ಲ, ನಿಂದ. ನಾ ಕೊಟ್ಟಿದ್ದು."

ಅವಳು ಮಶೀನಿನ ಕಡೆ ಕೈ ತೋರಿಸಿದಳು. "ನೀವು ಕೊಡತಿದ್ರಿ, ಆಯಿ. ಇದು ಕೊಡೂದಿಲ್ಲ. ಬೀಳತೈತಿ."

ನಿಜವನ್ನೇ ಹೇಳಿದ್ದಳು. ಹಿಂಡಿ ಕೆಳಗಿನ ಸಾಲಿನಲ್ಲಿ ಮಾರಾಟಕ್ಕೂ ಇತ್ತು. ಯಾರೋ ಕೊಂಡದ್ದು ಒಳಗೆ ಸಿಕ್ಕಿಕೊಂಡು ಈಗ ಬಿತ್ತು ಅಂತ ಯಾರಾದರೂ ತಿಳಿಯುವುದೇ.

ಸಂದೀಪ ಉಪಾಯ ಹೇಳಿದ. ಪುಡಿಕೆಯನ್ನು ರೊಟ್ಟಿಯ ಪಾಕೀಟಿನ ಒಳಗೇ ಹಾಕಿಬಿಡಿ ಅಂದ. ಹಾಕಿದರೆ ಅದು ಕೊಂಡ ಸಾಮಾನು ಆಗುತ್ತದೆ, ಕೊಸರು ಆಗುವುದಿಲ್ಲ, ಕೊಟ್ಟ ಮೇಲೆ ಬಂದದ್ದು ಕೊಸರು ಅಂದೆ. ಹಾಗಾದರೆ ಫ್ರೀ ಅಂತ ಚೀಟಿ ಹಚ್ಚಿ ಅಂದ. ಫ್ರೀ ಅಂದರೆ ಬಿಟ್ಟಿ, ಬಿಟ್ಟಿ ಯಾರಿಗಾದರೂ ಒಗೆಯಬಹುದು, ಕೊಸರು ಗಿರಾಕಿಗೆ ಮಾತ್ರ ಅಂದೆ. ಅವನು ಸರನ ಮುಖ ನೋಡಿದ, ಸರ ಕ್ಯಾಮರಾ ನೋಡಿದ. ಕೊಸರು ಬಿಟ್ಟುಬಿಡಿ ಹಾಗಾದರೆ ಅಂದ ಸಂದೀಪ. ಬಿಟ್ಟರೆ ಮಾರಾಟವಿಲ್ಲ, ಇಟ್ಟರೆ ಕಳವು. ಎರಡರ ನಡುವೆ ನಾನು ನಿಂತಿದ್ದೆ.

"ನಾಳೆ ಹತ್ತಕ್ಕ ಟೆಂಪೊ ಬರತೈತಿ, ಆಜಿ" ಅಂದ ಅವನು. "ಅಷ್ಟರಾಗ ಮಶೀನಿನ ಮ್ಯಾಲ ಒಂದ ಪುಡಿಕಿ ಉಳಿದಿದ್ರೂ ನಾ ಒಯ್ತೀನಿ." ಸಿಟ್ಟಿನಿಂದ ಹೇಳಲಿಲ್ಲ. ತಲೆಯ ಮೇಲಿದ್ದ ಪುಡಿಕೆಗಳನ್ನೆಲ್ಲ ಕೂಡಿಸಿ ನನ್ನ ಉಡಿಗೆ ಹಾಕಿದ, ಎರಡು ಕೈಯಿಂದ.

ಸಂಜೆ ಹುಸೇನಬಿಯ ಕಟ್ಟೆಯ ಮೇಲೆ ಕೂತೆವು. ನಾನು ರಟ್ಟಿನ ಮೇಲೆ ಇದ್ದಿಲಿನಿಂದ ಬರೆದೆ: ಕೊಸರು. ಮೂರೇ ಅಕ್ಷರ, ಮೂರು ಕಡೆ ಹೊರಟಿದ್ದವು. ಹುಸೇನಬಿ ಅಡ್ಡ ಹಿಡಿದು ನೋಡಿದಳು, ಉದ್ದ ಹಿಡಿದು ನೋಡಿದಳು. ಅಭ್ಯಾಸಿಕೆಯಲ್ಲಿ ಅರ್ಧ ಮಂದಿ ಮರಾಠಿ ಸಾಲಿಯವರು, ಅವರು ಇದನ್ನು ಓದುವುದಿಲ್ಲ ಅಂದಳು. ಮರಾಠಿಯಲ್ಲಿ ಬರೆಯಿಸೋಣ ಅಂದರೆ ಬರೆದದ್ದು ಯಾರು ಅಂತ ಹೇಗೆ ತಿಳಿಯಬೇಕು? ಯಾರೋ ಚಾಷ್ಟಿ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಕೆಳಗೆ ನನ್ನ ಸಹಿ ಮಾಡುತ್ತೇನೆ ಅಂದೆ.

ನನ್ನ ಸಹಿಯ ಕತೆ ಹೇಳಬೇಕು. ಮಗ ಸಣ್ಣವನಿದ್ದಾಗ ಓಣಿಯಲ್ಲಿ ದೊಡ್ಡವರಿಗೆ ಅಂತ ಸಂಜೆ ಸಾಲಿ ಹಾಕಿದ್ದರು. ನಾನು ಅಲ್ಲಿ ಹೆಸರು ಬರೆಯಲು ಕಲಿತೆ, ಅಕ್ಷರ ಕೂಡಿಸಿ ಓದಲು ಕಲಿತೆ. ಕಲಿತ ದಿನವೇ ಹೆಬ್ಬೆಟ್ಟು ಬಿಟ್ಟೆ, ತಂಬಾಕು ಬಿಟ್ಟ ಹಾಗೆ. ಆಮೇಲೆ ಎಲ್ಲಿಯೂ ಒತ್ತಲಿಲ್ಲ. ಹುಸೇನಬಿ ಸಾಲಿಗೆ ಬರಲಿಲ್ಲ. ಅವಳು ಇಂದಿಗೂ ಹೆಬ್ಬೆಟ್ಟೇ. ಅದಕ್ಕೆ ನಾನು ಅವಳನ್ನು ಎಷ್ಟು ಸಲ ಆಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಆ ಸಂಜೆ ಅವಳು ಎಲ್ಲವನ್ನೂ ತಿರುಗಿಸಿ ಕೊಟ್ಟಳು. "ನಿನ್ನ ಸಹಿ ಸುದ್ದಿ ಹೇಳಬ್ಯಾಡ ಅಕ್ಕಾ. ಬ್ಯಾಂಕಿನ್ಯಾಗ ನಿನಗ ಮೂರ ಸಲ ಸಹಿ ಮಾಡಸ್ತಾರ, ಮೂರೂ ಮೂರ ನಮೂನಿ. ಒಂದಕ್ಕೊಂದ ಕೂಡೂದಿಲ್ಲ. ನಾ ಒಮ್ಮಿ ಬೆರಳ ಒತ್ತಿದ್ರ ಮುಗೀತು. ಯಾಕಂದ್ರ ಸಹಿ ಯಾರರ ಮಾಡಬಹುದು. ಬೆರಳ ನಂದು ಅಂದ್ರ ನಂದ."

ಮತ್ತೆ ಹಿಂಡಿ ಕುಟ್ಟಲು ಒಳಗೆ ಹೋದಳು. ನಾನು ರಟ್ಟು ಹಿಡಿದುಕೊಂಡು ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ರಟ್ಟನ್ನು ಒಲೆಗೆ ಹಾಕಿದೆ.

ಮರುದಿನ ನಸುಕಿಗೆ ಎದ್ದೆ. ನಾವು ಹೆಂಗಸರು ಕೂಡಿ ಹಣ ಉಳಿಸುವ ಬಚತ ಗಟದ ಶಾಯಿಯ ಡಬ್ಬಿ ಹುಸೇನಬಿಯ ಗೂಡಿನಲ್ಲೇ ಇರುತ್ತಿತ್ತು, ಗಟದಲ್ಲಿ ಹೆಬ್ಬೆಟ್ಟಿನವರು ಹೆಚ್ಚು ಅಂತ. ಕೇಳಿ ತಂದೆ. ಕೊಡುವಾಗ ಅವಳ ಮುಖದಲ್ಲಿ ನಗು ಇತ್ತು. ಹಾಳೆಯ ಚೂರುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಡಬ್ಬಿಯ ಮುಚ್ಚಳ ತೆಗೆದೆ, ಆ ವಾಸನೆ ಬಂತು. ಹೆಬ್ಬೆಟ್ಟು ಅದ್ದಿ ಮೊದಲ ಚೂರಿಗೆ ಒತ್ತಿದೆ. ಎತ್ತಿ ನೋಡಿದರೆ ಗೆರೆ ಇಲ್ಲ, ಸುತ್ತು ಇಲ್ಲ. ಹುಣಸೆ ಬೀಜದಂಥ ಒಂದು ನೀಲಿ ಮಚ್ಚೆ. ನನ್ನದು ಹೀಗಿದೆಯೇನು ಅಂತ ಬಹಳ ಹೊತ್ತು ನೋಡಿದೆ. ಆಮೇಲೆ ಎಲ್ಲದಕ್ಕೂ ಒತ್ತುತ್ತ ಹೋದೆ. ಸಹಿಗಿಂತ ಬೇಗ ಆಗುತ್ತದೆ, ಇದನ್ನು ಒಪ್ಪಬೇಕು. ಶಾಯಿ ಒಣಗಿದ ಮೇಲೆ, ಹುಸೇನಬಿ ಹಿಂಡಿ ಹಾಕಿ ಮಚ್ಚೆ ಮೇಲೆ ಬರುವ ಹಾಗೆ ಪುಡಿಕೆ ಕಟ್ಟಿಕೊಟ್ಟಳು. ನನ್ನ ಕೈ ಶಾಯಿಯಾಗಿತ್ತು.

ಬಿಸಿಲು ಬೀಳುವ ಹೊತ್ತಿಗೆ ಮಶೀನು ತುಂಬಿಸಿ, ಕೀಲಿ ಹಾಕಿ, ಕಲ್ಲಿನ ಮೇಲೆ ಕೂತೆ. ಓಡಲು ಹೋದವರು ಬಂದರು. ಮುಂದೆ ರೇಣುಕಾ, ಹಿಂದೆ ಇಬ್ಬರು. ನನ್ನನ್ನು ನೋಡಿ ಅವಳು ತಲೆ ತಗ್ಗಿಸಿದಳು. ಮಶೀನಿನ ಮುಂದೆ ನಿಂತು ಗುಂಡಿ ಒತ್ತಿದಳು. ಧಪ್. ಟಪ್. ಬಗ್ಗಿ ಎರಡನ್ನೂ ತೆಗೆದುಕೊಂಡಳು. ಪುಡಿಕೆಯನ್ನು ತಲೆಯ ಮೇಲೆ ಇಡಲು ಕೈ ಎತ್ತಿದವಳು ಅಲ್ಲೇ ನಿಂತಳು. ಕಣ್ಣ ಹತ್ತಿರ ತಂದಳು, ಬಿಸಿಲಿಗೆ ಹಿಡಿದಳು. ಜೊತೆಯವಳು ಯಾರದ್ದು ಅಂತ ಮರಾಠಿಯಲ್ಲಿ ಕೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು.

"ಗೆರಿ ಇಲ್ಲ ನೋಡು" ಅಂದಳು ರೇಣುಕಾ. "ಆಯಿದ ಐತಿ. ಒತ್ತಿ ಕೊಟ್ಟಾಳ."

ಆಮೇಲೆ ಪುಡಿಕೆಯನ್ನು ಮೇಲೆತ್ತಿ, ನೀಲಿ ಮಚ್ಚೆ ಕಾಣುವ ಹಾಗೆ ಕ್ಯಾಮರಾಕ್ಕೆ ತೋರಿಸಿದಳು. ಚಂದಗೆ ತೋರಿಸಿದಳು, ಅವಸರ ಮಾಡಲಿಲ್ಲ. ತೋರಿಸಿ, ಬಿಚ್ಚಿ, ಅಂಗೈಗೆ ಸುರಿದುಕೊಂಡು ನೆಕ್ಕುತ್ತ ಮೆಟ್ಟಿಲು ಹತ್ತಿದಳು. ಉಳಿದ ಇಬ್ಬರೂ ಕೊಂಡರು, ಅವರೂ ಕ್ಯಾಮರಾಕ್ಕೆ ತೋರಿಸಿದರು. ಅದಾದ ಮೇಲೆ ಬಂದವರೆಲ್ಲ ತೋರಿಸಿದರು.

ಹತ್ತಕ್ಕೆ ಟೆಂಪೊ ಬಂತು. ಸಂದೀಪ ಇಳಿದು, ಮಶೀನಿನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಅದರ ತಲೆಯ ಮೇಲೆ ಅಂಗೈ ಆಡಿಸಿದ. ಅಂಗೈ ನೋಡಿಕೊಂಡ. ಧೂಳು ಹತ್ತಿತ್ತು, ಅಷ್ಟೇ. ಕಿಸೆಯಿಂದ ಒಂದು ನಾಣ್ಯ ತೆಗೆದು ಮಶೀನಿಗೆ ಹಾಕಿದ. ರೊಟ್ಟಿ ಬಿತ್ತು. ಅವನು ಬಗ್ಗಿ ಅದನ್ನು ತೆಗೆದುಕೊಂಡ, ಪುಡಿಕೆ ಟಪ್ ಅನ್ನುವ ತನಕ ಬಗ್ಗಿಯೇ ನಿಂತ.

ನಾನು ಕಲ್ಲಿನ ಮೇಲಿಂದ ಎದ್ದೆ. ಟೆಂಪೊದವನು ಖಾಲಿ ಗಾಡಿ ತಿರುಗಿಸಿಕೊಳ್ಳುತ್ತಿದ್ದ, ಅವನಿಗೆ ದಾರಿ ಬಿಟ್ಟು ಮನೆಗೆ ಹೋದೆ. ಹೆಬ್ಬೆಟ್ಟು ತಿಕ್ಕಿ ತೊಳೆದೆ, ನೀಲಿ ಪೂರ್ತಿ ಹೋಗಲಿಲ್ಲ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ, ನಾಳೆಗೆ ಹಿಟ್ಟು ಬೇಕಿತ್ತು.